ನೀರಿನ ಪಾಳಿಯಿಂದ ಗ್ರಾಮಸಭೆಯವರೆಗೆ: ಊರಿನ ಏಳಿಗೆಯಲ್ಲಿ ರೈತ ಸಂಘಗಳ ಪಾತ್ರ

ಮಲಪ್ರಭೆಯ ಕಾಲುವೆಯ ಕೆಳಗೆ ಹೊಲವುಳ್ಳ ರೈತರು ಒಂದು ನೋಟವನ್ನು ವರುಷ ವರುಷವೂ ಕಾಣುತ್ತಾರೆ. ತೂಬಿನ ಬುಡದ ಹೊಲದಲ್ಲಿ ಕಬ್ಬು ಆಳೆತ್ತರ ಬೆಳೆದು ನಿಂತಿರುತ್ತದೆ. ಅದೇ ಹೊಲಗಾಲುವೆಯ ಕೊನೆಯಲ್ಲಿ ಗೋಧಿಯೋ ಕಡಲೆಯೋ ಕಾಳು ಕಟ್ಟುವ ಹೊತ್ತಿಗೆ ನೀರಿಲ್ಲದೆ ಬಾಡುತ್ತಿರುತ್ತದೆ. ಎರಡೂ ಹೊಲಗಳಿಗೆ ಆಣೆಕಟ್ಟು ಒಂದೇ, ಕಾಲುವೆ ಒಂದೇ, ಮಣ್ಣೂ ಹೆಚ್ಚು ಕಡಿಮೆ ಒಂದೇ. ಹಾಗಿದ್ದರೆ ಈ ವ್ಯತ್ಯಾಸಕ್ಕೆ ಕಾರಣವೇನು? ಬಂದ ನೀರನ್ನು ಹಂಚಿಕೊಳ್ಳುವ ಏರ್ಪಾಡು ಊರಿನಲ್ಲಿ ಇದೆಯೋ ಇಲ್ಲವೋ ಎಂಬುದೇ ಮುಖ್ಯ ಕಾರಣ.

ಒಳ್ಳೆಯ ಬೀಜ, ಗೊಬ್ಬರ, ಔಷಧಿಗಳ ವಿಷಯದಲ್ಲಿ ಒಬ್ಬ ರೈತ ತಾನೊಬ್ಬನೇ ನಿರ್ಧಾರ ತೆಗೆದುಕೊಳ್ಳಬಹುದು. ಆದರೆ ಕಾಲುವೆಯ ನೀರು, ಹೊಲದ ದಾರಿ, ಬಸಿಗಾಲುವೆ, ಕೆರೆಯ ಹೂಳು, ಶಾಲೆಯ ಕೊಠಡಿ, ಕುಡಿಯುವ ನೀರು ಇವು ಒಬ್ಬರ ಕೈಯಿಂದ ಆಗುವ ಕೆಲಸಗಳಲ್ಲ. ಇವುಗಳಿಗೆ ಹತ್ತು ಜನ ಕೂಡಿ ಕೂಡ್ರಬೇಕು, ಮಾತನಾಡಬೇಕು, ಆಡಿದ ಮಾತನ್ನು ಬರೆದಿಡಬೇಕು, ಬರೆದಂತೆ ನಡೆಯಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಇಂಥ ಸಂಘಗಳು ಹೇಗೆ ಕೆಲಸ ಮಾಡಬೇಕು, ಊರಿನ ಆಡಳಿತದಲ್ಲಿ ಅವು ಹೇಗೆ ಪಾಲುಗೊಳ್ಳಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಸಲಾಗಿದೆ.

1. ನಾಲ್ಕು ತಾಲೂಕುಗಳು, ಒಂದು ನದಿ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯ ಬಳಿ ಕಿತ್ತೂರು ಸೀಮೆಯನ್ನು ಹಾಯ್ದು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಈ ನದಿಗೆ ಆಣೆಕಟ್ಟು ಕಟ್ಟಲಾಗಿದೆ. 37.73 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯಕ್ಕೆ ರೇಣುಕಾಸಾಗರ ಎಂದು ಹೆಸರು. ಇಲ್ಲಿಂದ ಎಡದಂಡೆ ಮತ್ತು ಬಲದಂಡೆ ಕಾಲುವೆಗಳು ಹೊರಡುತ್ತವೆ. 1970ರ ದಶಕದಲ್ಲಿ ಈ ಕಾಲುವೆಗಳ ನೀರು ಎರೆಭೂಮಿಗೆ ಹರಿಯತೊಡಗಿತು.

ಬೈಲಹೊಂಗಲ ಮತ್ತು ಕಿತ್ತೂರು ಆಣೆಕಟ್ಟಿನ ಮೇಲ್ಭಾಗದಲ್ಲಿವೆ. ಅಲ್ಲಿಯ ರೈತರಿಗೆ ಮಳೆ, ಕೆರೆ, ಬಾವಿ, ಕೊಳವೆಬಾವಿ ಮತ್ತು ನದಿಯಿಂದ ಎತ್ತುವ ನೀರೇ ಆಧಾರ. ಸವದತ್ತಿ ಮತ್ತು ರಾಮದುರ್ಗದಲ್ಲಿ ಕಾಲುವೆಯ ಹೊಲಗಳೂ ಇವೆ, ಮುಗಿಲು ನೋಡುವ ಒಣ ಹೊಲಗಳೂ ಇವೆ. ಹೀಗೆ ನಾಲ್ಕೂ ಕಡೆಯ ಅಗತ್ಯಗಳು ಬೇರೆ ಬೇರೆ. ಆದರೂ ಎಲ್ಲರಿಗೂ ಅನ್ವಯಿಸುವ ಮಾತೊಂದಿದೆ: ಸಾರ್ವಜನಿಕ ಸೌಲಭ್ಯ ಎಷ್ಟು ದೊಡ್ಡದಾದರೂ ಅದು ಹೊಲದ ಬದುವಿನ ತನಕ ತಲುಪಬೇಕಾದರೆ ಊರಿನ ಜನರೇ ಕೂಡಿ ಅದರ ಕೊನೆಯ ಹೊಣೆಯನ್ನು ಹೊರಬೇಕು.

2. ನಮ್ಮ ಹಿರಿಯರ ಕೂಡುಬಾಳು

ಕೂಡಿ ಕೆಲಸ ಮಾಡುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮುಯ್ಯಾಳಿನ ಪದ್ಧತಿಯಲ್ಲಿ ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಹೋಗುತ್ತಿದ್ದರು. ದೇವಸ್ಥಾನದ ಪಂಚರು, ಜಾತ್ರೆಯ ಕಮಿಟಿ, ಭಜನಾ ಮೇಳ, ಡೊಳ್ಳಿನ ಮೇಳ ಇವೆಲ್ಲ ಸಂಘಗಳೇ. ಊರ ಜಾತ್ರೆಯಲ್ಲಿ ಪಟ್ಟಿ ಎತ್ತುವುದರಿಂದ ಹಿಡಿದು ದಾಸೋಹದ ಪಾತ್ರೆ ತೊಳೆಯುವ ತನಕ ಪ್ರತಿಯೊಂದು ಕೆಲಸಕ್ಕೂ ಒಬ್ಬರು ಗೊತ್ತಾಗಿರುತ್ತಾರೆ. ಯಾರೂ ಸಂಬಳ ಕೇಳುವುದಿಲ್ಲ. ಜಾತ್ರೆ ತೇರು ಎಳೆಯುವ ಊರಿಗೆ ಹೊಲಗಾಲುವೆಯ ಹೂಳು ತೆಗೆಯುವ ಶಕ್ತಿ ಇಲ್ಲ ಎಂದು ಯಾರು ಹೇಳಿಯಾರು?

ಆದರೆ ಹಳೆಯ ಪದ್ಧತಿಯಲ್ಲಿ ಕೆಲವು ಕೊರತೆಗಳೂ ಇದ್ದವು. ಲೆಕ್ಕ ಬಾಯಿಮಾತಿನಲ್ಲಿ ಇರುತ್ತಿತ್ತು. ನಾಲ್ಕು ದೊಡ್ಡ ಮನೆತನಗಳ ಮಾತೇ ಕೊನೆಯ ಮಾತಾಗುತ್ತಿತ್ತು. ಹೆಣ್ಣುಮಕ್ಕಳು, ಭೂಮಿ ಇಲ್ಲದವರು, ಪರಿಶಿಷ್ಟ ಜಾತಿಯವರು ಕಟ್ಟೆಯ ಮೇಲೆ ಕೂತು ಮಾತನಾಡುವ ರೂಢಿ ಇರಲಿಲ್ಲ. ಆದಕಾರಣ ಹಿಂದಿನ ಒಗ್ಗಟ್ಟನ್ನು ಉಳಿಸಿಕೊಂಡು, ಅದಕ್ಕೆ ಬರವಣಿಗೆಯ ಲೆಕ್ಕ ಮತ್ತು ಎಲ್ಲರಿಗೂ ಸಮನಾದ ಮತ ಎಂಬ ಎರಡು ಹೊಸ ಗುಣಗಳನ್ನು ಸೇರಿಸಬೇಕಾಯಿತು. ಸಹಕಾರ ಸಂಘಗಳು ಹುಟ್ಟಿದ್ದು ಹೀಗೆ.

3. 1905ರ ಪಾಠ

ಸಹಕಾರಿ ಪತ್ತಿನ ಸಂಘಗಳ ಕಾಯಿದೆ 1904ರಲ್ಲಿ ಜಾರಿಗೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯಡಿ ದೇಶದಲ್ಲಿ ಹುಟ್ಟಿದ ಮೊದಲ ಕೃಷಿ ಪತ್ತಿನ ಸಂಘವೆಂದು ಇದಕ್ಕೆ ಹೆಸರಿದೆ. ಸಾಹುಕಾರನ ಬಡ್ಡಿಗೆ ಹೊಲ ಕಳೆದುಕೊಳ್ಳುತ್ತಿದ್ದ ರೈತರು ತಮ್ಮದೇ ಸಣ್ಣ ಸಣ್ಣ ಪಾಲುಗಳನ್ನು ಕೂಡಿಸಿ, ತಮ್ಮವರಿಗೇ ಸಾಲ ಕೊಡುವ ಏರ್ಪಾಡು ಮಾಡಿಕೊಂಡರು. ಕಾಯಿದೆಯನ್ನು ಸರಕಾರ ಮಾಡಿತ್ತು. ಅದನ್ನು ಊರಿಗೆ ತಂದು ಬಳಸಿದವರು ಒಂದು ಹಳ್ಳಿಯ ರೈತರು.

ಇದರಿಂದ ಕಲಿಯಬೇಕಾದದ್ದು ಇಷ್ಟು. ಕಾಯಿದೆ ಬಾಗಿಲು ತೆರೆಯುತ್ತದೆ, ಒಳಗೆ ಹೋಗುವವರು ಜನರೇ ಆಗಬೇಕು. ಮುಂದೆ ಇದೇ ದಾರಿಯಲ್ಲಿ ಹಾಲಿನ ಸಂಘಗಳು, ನೇಕಾರರ ಸಂಘಗಳು, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ದೊಡ್ಡ ಸಂಸ್ಥೆಗಳು ನಮ್ಮ ಭಾಗದಲ್ಲಿ ತಲೆಯೆತ್ತಿದವು. 2011ರ ಸಂವಿಧಾನದ 97ನೆಯ ತಿದ್ದುಪಡಿಯಿಂದ ಸಹಕಾರ ಸಂಘ ಕಟ್ಟುವುದು ನಾಗರಿಕರ ಮೂಲಭೂತ ಹಕ್ಕುಗಳಲ್ಲಿ ಸೇರಿತು.

4. 1980ರ ಪಾಠ

ಇನ್ನೊಂದು ಅನುಭವ ಕಹಿಯಾದದ್ದು, ಆದರೆ ಮರೆಯಬಾರದ್ದು. ಮಲಪ್ರಭಾ ಅಚ್ಚುಕಟ್ಟಿನ ರೈತರು ಕಾಲುವೆ ಬಂದ ಮೊದಲ ವರ್ಷಗಳಲ್ಲಿ ಹತ್ತಿಯನ್ನು, ಅದರಲ್ಲೂ 1972ರಲ್ಲಿ ಧಾರವಾಡದ ಸಂಶೋಧನೆಯಿಂದ ಹೊರಬಂದ ವರಲಕ್ಷ್ಮಿ ತಳಿಯನ್ನು ಬಹಳ ನೆಚ್ಚಿದರು. ಈ ಬೆಳೆಗೆ ಖರ್ಚು ಹೆಚ್ಚು. ಮುಂದೆ ಹತ್ತಿಯ ಬೆಲೆ ಇಳಿಯಿತು. ಅನೇಕ ಹೊಲಗಳಿಗೆ ನೀರು ಸರಿಯಾಗಿ ತಲುಪಿರಲಿಲ್ಲ. ಇಂಥ ಹೊತ್ತಿನಲ್ಲಿ ನೀರಿನ ಕರದ ಬಾಕಿಯ ಜೊತೆಗೆ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರದ ಭಾರವೂ ರೈತರ ಮೇಲೆ ಬಿದ್ದಿತು. ನೀರು ಬಾರದ ಹೊಲಕ್ಕೂ ಕರವೇಕೆ ಎಂಬುದು ರೈತರ ಪ್ರಶ್ನೆಯಾಗಿತ್ತು. ಅವರು ಪಕ್ಷಭೇದ ಮರೆತು ಸಮನ್ವಯ ಸಮಿತಿಯನ್ನು ಕಟ್ಟಿಕೊಂಡರು, ಮನವಿ ಕೊಟ್ಟರು, ಸತ್ಯಾಗ್ರಹ ಹೂಡಿದರು.

1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಚಳವಳಿ ಹಿಂಸೆಗೆ ತಿರುಗಿತು. ಗೋಲೀಬಾರು ನಡೆಯಿತು. ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ದಿನವನ್ನು ರೈತ ಹುತಾತ್ಮ ದಿನವೆಂದು ಈಗಲೂ ನೆನೆಯುತ್ತಾರೆ. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿ, ರಾಜ್ಯದ ರೈತರ ದನಿಗೆ ಒಂದು ವೇದಿಕೆ ದೊರೆಯಿತು. ಕಿತ್ತೂರು ಮತಕ್ಷೇತ್ರದಿಂದ 1989ರಲ್ಲಿ ರೈತ ಸಂಘದ ಬಾಬಾಗೌಡ ಪಾಟೀಲರು ವಿಧಾನಸಭೆಗೆ ಆಯ್ಕೆಯಾದರು. 1998ರಲ್ಲಿ ಅವರು ಬೆಳಗಾವಿಯಿಂದ ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ಗ್ರಾಮೀಣಾಭಿವೃದ್ಧಿಯ ಸಚಿವರೂ ಆದರು. ಹೊಲದ ಬದುವಿನ ಮಾತು ದಿಲ್ಲಿಯ ತನಕ ತಲುಪಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಆದರೆ ಒಂದು ಮಾತನ್ನು ವಿಚಾರ ಮಾಡಬೇಕು. ಪ್ರತಿಯೊಂದು ತೂಬಿನಲ್ಲೂ ನೀರು ಎಷ್ಟು ಬಂತು, ಎಷ್ಟು ಹೊಲಕ್ಕೆ ಮುಟ್ಟಿತು ಎಂಬ ಲೆಕ್ಕ ರೈತರ ಕೈಯಲ್ಲಿದ್ದು, ಅದನ್ನು ಅಧಿಕಾರಿಗಳ ಮುಂದಿಟ್ಟು ಮಾತನಾಡುವ ಸಂಘ ಮೊದಲಿನಿಂದಲೇ ಇದ್ದಿದ್ದರೆ, ಕರದ ಪ್ರಶ್ನೆ ಬೀದಿಗೆ ಬರುವ ಮುನ್ನ ಸಭೆಯಲ್ಲಿ ಬಗೆಹರಿಯುವ ಸಾಧ್ಯತೆ ಹೆಚ್ಚಿತ್ತು. ದೂರು ಹೇಳಲು ಜಾಗವಿಲ್ಲದ ಕಡೆ ಸಿಟ್ಟು ಬೆಳೆಯುತ್ತದೆ. ಕೇಳುವ ಕಿವಿ, ಹೇಳುವ ಬಾಯಿ ಎರಡೂ ಇರುವ ಏರ್ಪಾಡನ್ನು ಶಾಂತಿಯ ಕಾಲದಲ್ಲಿಯೇ ಕಟ್ಟಿಕೊಳ್ಳಬೇಕು.

5. ನೀರಿನ ಲೆಕ್ಕ: ಪ್ರತಿಯೊಬ್ಬ ಸದಸ್ಯನಿಗೂ ಗೊತ್ತಿರಲಿ

ಲೆಕ್ಕ ತಿಳಿದರೆ ಅರ್ಧ ಜಗಳ ತಾನಾಗಿ ಮುಗಿಯುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಈ ಪ್ರಮಾಣದಲ್ಲಿ ಒಂದು ತಾಸು ನೀರು ಹರಿದರೆ 3,600 ಘನ ಅಡಿ ಆಗುತ್ತದೆ. ಒಂದು ಎಕರೆಯಲ್ಲಿ ಒಂದು ಅಂಗುಲ ನೀರು ನಿಲ್ಲಿಸಲು 3,630 ಘನ ಅಡಿ ಬೇಕು. ಆದ್ದರಿಂದ ಈ ಸೂತ್ರವನ್ನು ನೆನಪಿಡಿ:

ಒಂದು ಕ್ಯೂಸೆಕ್, ಒಂದು ತಾಸು, ಒಂದು ಎಕರೆ, ಒಂದು ಅಂಗುಲ.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ತೂಬಿನಿಂದ ಒಂದು ಕ್ಯೂಸೆಕ್ ನೀರು ಬರುತ್ತದೆ, ಅದರ ಕೆಳಗೆ 100 ಎಕರೆ ಹೊಲವಿದೆ, ಪ್ರತಿ ಎಕರೆಗೆ 3 ಅಂಗುಲದಷ್ಟು ನೀರು ಕೊಡಬೇಕು ಎಂದುಕೊಳ್ಳಿ.

(ಅ) ಒಂದು ಎಕರೆಗೆ ಬೇಕಾದ ವೇಳೆ 3 ತಾಸು.
(ಆ) 100 ಎಕರೆಗೆ ಬೇಕಾದ ವೇಳೆ 300 ತಾಸು, ಅಂದರೆ ಹನ್ನೆರಡೂವರೆ ದಿವಸ.
(ಇ) ಮೇಲಿನ ಒಬ್ಬ ರೈತ ತನ್ನ ಪಾಳಿ ಮುಗಿದ ಮೇಲೂ ಒಂದು ರಾತ್ರಿ 12 ತಾಸು ನೀರು ಬಿಟ್ಟುಕೊಂಡರೆ ಕೊನೆಯಲ್ಲಿ 4 ಎಕರೆಗೆ ನೀರು ತಪ್ಪುತ್ತದೆ.
(ಈ) ನಾಲ್ವರು ಹಾಗೆ ಮಾಡಿದರೆ 16 ಎಕರೆ ಒಣಗುತ್ತದೆ.

ಹೊಲಗಾಲುವೆಯಲ್ಲಿ ಇಂಗಿ ಹೋಗುವ ನೀರನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಕಾಲುವೆಯಲ್ಲಿ ಜೊಂಡು, ಹೂಳು ತುಂಬಿದ್ದರೆ ನಷ್ಟ ಇನ್ನೂ ಹೆಚ್ಚು. ರಾತ್ರಿ ನೀರು ಬಿಟ್ಟು ಮನೆಗೆ ಹೋಗಿ ಮಲಗುವ ರೈತ ಬೇಕೆಂದೇ ಯಾರ ಬೆಳೆಯನ್ನೂ ಒಣಗಿಸುವುದಿಲ್ಲ. ಅವನ ಕಣ್ಣಿಗೆ ಕೊನೆಯ ಹೊಲ ಕಾಣುವುದಿಲ್ಲ, ಅಷ್ಟೇ. ಸಂಘದ ಸಭೆಯಲ್ಲಿ ಮೇಲಿನವನೂ ಕೆಳಗಿನವನೂ ಎದುರೆದುರು ಕೂತಾಗ ಆ ಹೊಲ ಕಾಣತೊಡಗುತ್ತದೆ.

6. ನೀರು ಬಳಕೆದಾರರ ಸಹಕಾರ ಸಂಘ

ರಾಜ್ಯದ ನೀರಾವರಿ ಕಾಯಿದೆಗೆ 2000ದಲ್ಲಿ ಆದ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾಯಿದೆಯ ಬಲ ಬಂದಿತು. ಒಂದು ಉಪಕಾಲುವೆಯ ಅಥವಾ ಕೆಲವು ತೂಬುಗಳ ಅಚ್ಚುಕಟ್ಟಿನ ರೈತರು ಸೇರಿ ಇಂಥ ಸಂಘವನ್ನು ನೋಂದಾಯಿಸಬಹುದು. ಅದರ ಮುಖ್ಯ ಕೆಲಸಗಳು ಇವು:

(ಅ) ನೀರಾವರಿ ನಿಗಮದೊಡನೆ ಒಪ್ಪಂದ ಮಾಡಿಕೊಂಡು ತನ್ನ ಪಾಲಿನ ನೀರನ್ನು ಅಳತೆಯ ಮೇಲೆ ಪಡೆಯುವುದು.
(ಆ) ಆ ನೀರನ್ನು ಸದಸ್ಯರಿಗೆ ಪಾಳಿಯ ಪ್ರಕಾರ ಹಂಚುವುದು.
(ಇ) ಹೊಲಗಾಲುವೆಗಳನ್ನು ದುರಸ್ತಿಯಲ್ಲಿಡುವುದು.
(ಈ) ನೀರಿನ ಕರ ಕೂಡಿಸಿ ಲೆಕ್ಕ ಇಡುವುದು.
(ಉ) ನೀರಿಗೆ ತಕ್ಕ ಬೆಳೆಗಳ ಯೋಜನೆಯನ್ನು ಹಂಗಾಮಿನ ಮೊದಲೇ ಚರ್ಚಿಸುವುದು.

ಪಾಳಿಯ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗುಡಿ ಅಥವಾ ಪಂಚಾಯಿತಿ ಕಟ್ಟೆಯ ಗೋಡೆಗೆ ಹಚ್ಚಬೇಕು. ಹೆಸರು, ಸರ್ವೆ ನಂಬರು, ಎಕರೆ, ಪಾಳಿಯ ದಿನ, ಆರಂಭದ ತಾಸು, ಮುಗಿಯುವ ತಾಸು ಎಂಬ ಆರು ಅಂಕಣಗಳಿದ್ದರೆ ಸಾಕು. ರಾತ್ರಿಯ ಪಾಳಿ ಒಬ್ಬರಿಗೇ ಪ್ರತಿ ಸಲ ಬೀಳದಂತೆ ಸರದಿ ಬದಲಿಸಬೇಕು. ನೀರು ಮೊದಲು ಕೊನೆಯ ಹೊಲಕ್ಕೆ ಮುಟ್ಟಿ ಆಮೇಲೆ ಮೇಲಕ್ಕೆ ಬರುವಂತೆ ಪಾಳಿ ಹಾಕಿದರೆ ಕೆಳಗಿನವರ ಅಂಜಿಕೆ ಹೋಗುತ್ತದೆ, ಹೂಳು ತೆಗೆಯುವ ಕೆಲಸಕ್ಕೂ ಅವರು ಹುರುಪಿನಿಂದ ಬರುತ್ತಾರೆ.

7. ಸವಳು-ಜವಳು: ಒಬ್ಬನಿಂದ ಬಗೆಹರಿಯದ ರೋಗ

ಹೆಚ್ಚು ನೀರು ಹೆಚ್ಚು ಬೆಳೆ ಎಂಬ ತಪ್ಪು ತಿಳುವಳಿಕೆಯಿಂದ ಮೇಲಿನ ರೈತನಿಗೂ ಹಾನಿಯೇ. ನಮ್ಮ ಎರೆಭೂಮಿಯಲ್ಲಿ ಜಿಗುಟು ಹೆಚ್ಚು. ನೀರು ಬೇಗ ಕೆಳಗೆ ಇಳಿಯದು. ಮಿತಿ ಮೀರಿ ಹಾಯಿಸಿದರೆ ಭೂಮಿಯೊಳಗಿನ ನೀರಿನ ಮಟ್ಟ ಮೇಲೇರಿ ಬೇರು ಉಸಿರಾಡದಂತಾಗುತ್ತದೆ. ಆ ನೀರು ಆವಿಯಾಗಿ ಹೋಗುವಾಗ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ತಗ್ಗಿನ ಹೊಲಗಳಲ್ಲಿ ಬಿಳಿಯ ಪದರು ಕಾಣುವುದು ಇದರಿಂದಲೇ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಇದು ದೊಡ್ಡ ಸಮಸ್ಯೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬೆಳವಟಗಿ ಕೇಂದ್ರದಲ್ಲಿ ನೀರಿನ ನಿರ್ವಹಣೆಯ ಬಗ್ಗೆ ಸಂಶೋಧನೆ ನಡೆದಿದೆ.

ಮಣ್ಣಿನ ರಸಸಾರ 8.5ಕ್ಕಿಂತ ಹೆಚ್ಚಿದ್ದು ಸೋಡಿಯಂ ಅಂಶ ಹೆಚ್ಚಾಗಿದ್ದರೆ ಅದು ಕ್ಷಾರಭೂಮಿ. ಇದಕ್ಕೆ ಮಣ್ಣು ಪರೀಕ್ಷೆಯ ಪ್ರಕಾರ ಜಿಪ್ಸಂ ಹಾಕಬೇಕು. ಲವಣದ ಅಂಶ ಮಾತ್ರ ಹೆಚ್ಚಿದ್ದರೆ ಅದನ್ನು ತೊಳೆದು ಹೊರಗೆ ಹಾಕಬೇಕು. ಎರಡಕ್ಕೂ ಬಸಿಗಾಲುವೆ ಅಗತ್ಯ. ಇಲ್ಲಿಯೇ ಸಂಘದ ಮಹತ್ವ ತಿಳಿಯುತ್ತದೆ. ಒಬ್ಬ ರೈತ ತನ್ನ ಹೊಲದಲ್ಲಿ ಬಸಿಗಾಲುವೆ ತೆಗೆದರೆ ಆ ನೀರು ನೆರೆಯವನ ಹೊಲಕ್ಕೆ ಹೋಗಿ ನಿಲ್ಲುತ್ತದೆ. ಹೊಲದಿಂದ ಹೊಲಕ್ಕೆ, ಅಲ್ಲಿಂದ ಹಳ್ಳಕ್ಕೆ ದಾರಿ ಸಿಗಬೇಕಾದರೆ ನಡುವಿನ ಎಲ್ಲ ರೈತರೂ ಒಪ್ಪಬೇಕು. ಒಂದು ಮೊಳ ಜಾಗ ಬಿಡಲಾರದವನು ಮುಂದೆ ಇಡೀ ಹೊಲವನ್ನೇ ಬಿಡಬೇಕಾದೀತು.

8. ಗ್ರಾಮಸಭೆಯಲ್ಲಿ ಸಂಘದ ದನಿ

ಸಂಘ ಎಷ್ಟೇ ಚೆನ್ನಾಗಿ ನಡೆದರೂ ಅದು ಅದರ ಸದಸ್ಯರದು. ಗ್ರಾಮಸಭೆ ಮಾತ್ರ ಊರಿನ ಎಲ್ಲ ಮತದಾರರದು. ನಮ್ಮ ರಾಜ್ಯದಲ್ಲಿ 1983ರ ಕಾಯಿದೆಯಿಂದ ಮಂಡಲ ಪಂಚಾಯಿತಿಗಳು ಬಂದವು. ಸಂವಿಧಾನದ 73ನೆಯ ತಿದ್ದುಪಡಿಯ ಬಳಿಕ 1993ರ ಪಂಚಾಯತ್ ರಾಜ್ ಕಾಯಿದೆ ಜಾರಿಗೆ ಬಂದು ಇಂದಿನ ಗ್ರಾಮ ಪಂಚಾಯಿತಿಗಳು ರೂಪುಗೊಂಡವು. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಕೃಷಿ, ಸಣ್ಣ ನೀರಾವರಿ, ಜಲಾನಯನ ಅಭಿವೃದ್ಧಿ, ಕುಡಿಯುವ ನೀರು, ರಸ್ತೆ, ಶಾಲೆ ಎಲ್ಲವೂ ಇವೆ. ವಾರ್ಡುಸಭೆ ಮತ್ತು ಗ್ರಾಮಸಭೆಗಳನ್ನು ಆರು ತಿಂಗಳಿಗೆ ಒಮ್ಮೆಯಾದರೂ ಕರೆಯಬೇಕೆಂಬುದು ನಿಯಮ.

ಅನೇಕ ಕಡೆ ಗ್ರಾಮಸಭೆ ಎಂದರೆ ಮನೆ ಹಂಚುವ ದಿವಸ ಮಾತ್ರ ಜನ ಸೇರುವ ಸಭೆ ಎಂದಾಗಿದೆ. ಉಳಿದ ದಿನ ಖುರ್ಚಿಗಳು ಖಾಲಿ. ಬರದವರ ಪರವಾಗಿ ಯಾರೂ ಮಾತನಾಡುವುದಿಲ್ಲ. ಸಂಘಗಳು ಈ ಕೊರತೆಯನ್ನು ಹೀಗೆ ತುಂಬಬಹುದು:

ಮೊದಲನೆಯದಾಗಿ, ಸಂಘದ ಸಭೆಯಲ್ಲಿ ಊರಿನ ಅಗತ್ಯಗಳನ್ನು ಚರ್ಚಿಸಿ ಮುಖ್ಯವಾದ ಎರಡು ಅಥವಾ ಮೂರನ್ನು ಮಾತ್ರ ಆರಿಸಬೇಕು. ಇಪ್ಪತ್ತು ಬೇಡಿಕೆಗಳ ಪಟ್ಟಿಯಲ್ಲಿ ಒಂದೂ ಈಡೇರದೆ ಹೋಗಬಹುದು.

ಎರಡನೆಯದಾಗಿ, ಅದನ್ನು ಠರಾವಿನ ರೂಪದಲ್ಲಿ ಬರೆದು ಹಾಜರಿದ್ದವರ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು.

ಮೂರನೆಯದಾಗಿ, ವಾರ್ಡುಸಭೆಯಲ್ಲಿಯೂ ಅನಂತರ ಗ್ರಾಮಸಭೆಯಲ್ಲಿಯೂ ಅದನ್ನು ಓದಿ ಹೇಳಿ ನಡಾವಳಿಯಲ್ಲಿ ಸೇರಿಸುವಂತೆ ಕೇಳಬೇಕು.

ನಾಲ್ಕನೆಯದಾಗಿ, ನಡಾವಳಿಯ ಪ್ರತಿಯನ್ನು ಪಡೆದು ಸಂಘದ ಕಡತದಲ್ಲಿಡಬೇಕು. ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಕೊಡಬಹುದು. ಸಾಮಾನ್ಯವಾಗಿ 30 ದಿವಸಗಳಲ್ಲಿ ಉತ್ತರ ಬರಬೇಕು.

ಮಾದರಿ ಠರಾವು: "ಈ ದಿವಸ ಸೇರಿದ ನಮ್ಮ ತೂಬಿನ ರೈತರ ಸಭೆಯಲ್ಲಿ, ಸರ್ವೆ ನಂಬರು ಇಂತಿಷ್ಟರಿಂದ ಇಂತಿಷ್ಟರ ವರೆಗಿನ ಬಸಿಗಾಲುವೆಯು ಹೂಳು ತುಂಬಿ ಇಷ್ಟು ಎಕರೆ ಹೊಲದಲ್ಲಿ ನೀರು ನಿಲ್ಲುತ್ತಿರುವುದನ್ನು ಚರ್ಚಿಸಲಾಯಿತು. ಬಸಿಗಾಲುವೆಗೆ ಬೇಕಾದ ಜಾಗ ಬಿಡಲು ಕೆಳಗೆ ಸಹಿ ಮಾಡಿದ ಎಲ್ಲ ರೈತರೂ ಒಪ್ಪಿರುತ್ತೇವೆ. ಈ ಕೆಲಸವನ್ನು ಬರುವ ಸಾಲಿನ ಕ್ರಿಯಾಯೋಜನೆಯಲ್ಲಿ ಸೇರಿಸಬೇಕೆಂದು ಗ್ರಾಮಸಭೆಯನ್ನು ಕೇಳಿಕೊಳ್ಳುತ್ತೇವೆ."

ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕೆಂಬುದೂ ತಿಳಿದಿರಬೇಕು. ಉಪಕಾಲುವೆ ಮತ್ತು ತೂಬಿನ ವಿಷಯ ನೀರಾವರಿ ನಿಗಮಕ್ಕೆ, ಹೊಲಗಾಲುವೆ ಮತ್ತು ಅಚ್ಚುಕಟ್ಟಿನ ಭೂಸುಧಾರಣೆಯ ವಿಷಯ ಅಚ್ಚುಕಟ್ಟು ಅಭಿವೃದ್ಧಿ ಪ್ರಾಧಿಕಾರಕ್ಕೆ, ಊರೊಳಗಿನ ದಾರಿ ಮತ್ತು ಕುಡಿಯುವ ನೀರಿನ ವಿಷಯ ಗ್ರಾಮ ಪಂಚಾಯಿತಿಗೆ, ಬೀಜ ಮತ್ತು ಮಣ್ಣು ಪರೀಕ್ಷೆಯ ವಿಷಯ ರೈತ ಸಂಪರ್ಕ ಕೇಂದ್ರಕ್ಕೆ ಸಂಬಂಧಿಸಿದೆ. ತಪ್ಪು ಕಚೇರಿಗೆ ಹತ್ತು ಸಲ ಅಲೆಯುವುದಕ್ಕಿಂತ ಸರಿಯಾದ ಕಚೇರಿಗೆ ಒಂದು ಬರೆದ ಅರ್ಜಿ ಮೇಲು.

9. ಹೆಣ್ಣುಮಕ್ಕಳ ಸಂಘಗಳು

ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸವನ್ನು ನಬಾರ್ಡು 1992ರಲ್ಲಿ ಆರಂಭಿಸಿತು. ರಾಜ್ಯದಲ್ಲಿ 2000-01ರಿಂದ ಸ್ತ್ರೀಶಕ್ತಿ ಗುಂಪುಗಳು ಬೆಳೆದವು. ಹದಿನೈದು ಇಪ್ಪತ್ತು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂಡಿ ಉಳಿತಾಯ ಮಾಡಿ, ಅದೇ ಹಣವನ್ನು ತಮ್ಮಲ್ಲಿಯೇ ಸಾಲವಾಗಿ ಕೊಟ್ಟುಕೊಳ್ಳುತ್ತಾರೆ. ಹಣಕ್ಕಿಂತ ಹೆಚ್ಚಿನ ಲಾಭವೊಂದು ಇಲ್ಲಿದೆ. ಪುಸ್ತಕದಲ್ಲಿ ಲೆಕ್ಕ ಬರೆಯುವುದು, ಸಭೆಯಲ್ಲಿ ಎದ್ದು ನಿಂತು ಮಾತನಾಡುವುದು, ಬ್ಯಾಂಕಿನ ಅಧಿಕಾರಿಯೊಡನೆ ವ್ಯವಹರಿಸುವುದು ಇವನ್ನೆಲ್ಲ ಅವರು ರೂಢಿಯಿಂದ ಕಲಿಯುತ್ತಾರೆ. ಗ್ರಾಮ ಪಂಚಾಯಿತಿಯ ಸ್ಥಾನಗಳಲ್ಲಿ ಮಹಿಳೆಯರಿಗೆ ಶೇಕಡಾ 50ರಷ್ಟು ಮೀಸಲಾತಿ ಇದೆ. ಸಂಘದಲ್ಲಿ ತಯಾರಾದ ಹೆಣ್ಣುಮಗಳು ಪಂಚಾಯಿತಿಯ ಸದಸ್ಯೆಯಾದಾಗ ತನ್ನ ಮಾತನ್ನು ತಾನೇ ಆಡುತ್ತಾಳೆ, ಮನೆಯ ಗಂಡಸರು ಅವಳ ಖುರ್ಚಿಯ ಹಿಂದೆ ನಿಲ್ಲಬೇಕಾಗುವುದಿಲ್ಲ.

ರಾಣಿ ಚನ್ನಮ್ಮ 1824ರಲ್ಲಿ ಕಿತ್ತೂರಿನ ಕೋಟೆಯಿಂದ ಕಂಪನಿ ಸರಕಾರವನ್ನು ಎದುರಿಸಿದಳು, ಬೈಲಹೊಂಗಲದ ಸೆರೆಯಲ್ಲಿ ಪ್ರಾಣ ಬಿಟ್ಟಳು. ಅವಳ ಸಮಾಧಿ ಬೈಲಹೊಂಗಲದಲ್ಲಿದೆ. ಅಂಥ ನೆಲದಲ್ಲಿ ಗ್ರಾಮಸಭೆಗೆ ಹೆಣ್ಣುಮಕ್ಕಳನ್ನು ಕರೆಯಲು ಹಿಂಜರಿಯುವುದು ಚೆನ್ನಾಗಿ ಕಾಣದು. ನೀರು ಬಳಕೆದಾರರ ಸಂಘದಲ್ಲಿಯೂ ಹೊಲ ತಮ್ಮ ಹೆಸರಿನಲ್ಲಿರುವ ಹೆಣ್ಣುಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಂಡು ಆಡಳಿತ ಮಂಡಳಿಯಲ್ಲಿ ಸ್ಥಾನ ಕೊಡಬೇಕು.

10. ಆಪತ್ತಿನ ಕಾಲದಲ್ಲಿ ಸಂಘ

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯ ಮೇಲ್ಭಾಗದಲ್ಲಿ ವಿಪರೀತ ಮಳೆ ಸುರಿದು ನವಿಲುತೀರ್ಥ ಜಲಾಶಯ ತುಂಬಿತು. ಹೊರಬಿಟ್ಟ ನೀರು ಮುನವಳ್ಳಿ, ರಾಮದುರ್ಗ ಮತ್ತು ಹೊಳೆದಂಡೆಯ ಅನೇಕ ಊರುಗಳಿಗೆ ನುಗ್ಗಿತು. ಮನೆ, ಬೆಳೆ, ದನಕರುಗಳಿಗೆ ಅಪಾರ ಹಾನಿಯಾಯಿತು. ನೇಕಾರರ ಮಗ್ಗಗಳೂ ನೀರಿನಲ್ಲಿ ನಿಂತವು. ಎಷ್ಟೋ ವರ್ಷ ತುಂಬದ ಜಲಾಶಯದ ಕೆಳಗೆ ಜನ ಮಹಾಪೂರದ ಭಯವನ್ನೇ ಮರೆತಿದ್ದರು.

ಹೊಳೆದಂಡೆಯ ಪ್ರತಿಯೊಂದು ಊರಿನ ಸಂಘವೂ ಮಳೆಗಾಲದ ಮುಂಚೆ ಕೆಲವು ಕೆಲಸ ಮಾಡಿಟ್ಟುಕೊಳ್ಳಬೇಕು. ತಗ್ಗಿನ ಮನೆಗಳ ಪಟ್ಟಿ, ಅಲ್ಲಿರುವ ವೃದ್ಧರು, ಬಾಣಂತಿಯರು, ಅಂಗವಿಕಲರ ಪಟ್ಟಿ ಇರಬೇಕು. ದನಗಳನ್ನು ಯಾವ ದಿಬ್ಬಕ್ಕೆ ಹೊಡೆಯಬೇಕು, ಮೇವು ಎಲ್ಲಿಡಬೇಕು, ಜಲಾಶಯದಿಂದ ನೀರು ಬಿಡುವ ಸುದ್ದಿಯನ್ನು ಯಾರು ಕೇಳಿ ಯಾರಿಗೆ ತಿಳಿಸಬೇಕು ಎಂಬುದನ್ನು ಗೊತ್ತುಮಾಡಬೇಕು. ನದಿಯ ಪಾತ್ರವನ್ನೂ ಹಳ್ಳದ ದಂಡೆಯನ್ನೂ ಉತ್ತು ಹೊಲವಾಗಿ ಮಾಡುವುದನ್ನು ಊರವರೇ ತಡೆಯಬೇಕು. ಹಾನಿಯಾದಾಗ ನಷ್ಟದ ಪಟ್ಟಿಯಲ್ಲಿ ನಿಜವಾಗಿ ಕಳೆದುಕೊಂಡವರ ಹೆಸರು ಬಿಡದಂತೆ, ಕಳೆದುಕೊಳ್ಳದವರ ಹೆಸರು ಸೇರದಂತೆ ನೋಡಿಕೊಳ್ಳುವುದೂ ಸಂಘದ ಧರ್ಮ.

11. ಸಂಘಗಳು ಏಕೆ ಕೆಡುತ್ತವೆ?

ಉತ್ಸಾಹದಿಂದ ಹುಟ್ಟಿದ ಸಂಘಗಳು ಎರಡು ವರ್ಷಗಳಲ್ಲಿ ಬರಿಯ ಬೋರ್ಡಾಗಿ ಉಳಿಯುವುದುಂಟು. ಅದಕ್ಕೆ ಸಾಮಾನ್ಯವಾದ ಕಾರಣಗಳು ಮತ್ತು ಪರಿಹಾರಗಳು ಹೀಗಿವೆ:

(ಅ) ಅನುದಾನಕ್ಕಾಗಿಯೇ ಸಂಘ ಕಟ್ಟುವುದು. ಅನುದಾನ ಮುಗಿದ ದಿನ ಸಂಘವೂ ಮುಗಿಯುತ್ತದೆ. ಮೊದಲು ಸದಸ್ಯರ ವಂತಿಗೆ ಮತ್ತು ದುಡಿಮೆಯಿಂದ ಒಂದು ಸಣ್ಣ ಕೆಲಸ ಮಾಡಿ ತೋರಿಸಬೇಕು.

(ಆ) ಲೆಕ್ಕ ಮುಚ್ಚಿಡುವುದು. ಪ್ರತಿ ತಿಂಗಳ ಜಮಾ-ಖರ್ಚನ್ನು ಸಭೆಯಲ್ಲಿ ಓದಬೇಕು. ವರ್ಷದ ಲೆಕ್ಕಪರಿಶೋಧನೆ ಮಾಡಿಸಿ, ಸೆಪ್ಟೆಂಬರ್ ತಿಂಗಳೊಳಗೆ ವಾರ್ಷಿಕ ಮಹಾಸಭೆ ಕರೆಯಬೇಕು. ಹತ್ತು ರೂಪಾಯಿಯ ಅನುಮಾನ ಹತ್ತು ಸಾವಿರದ ಸಂಘವನ್ನು ಕೆಡವುತ್ತದೆ.

(ಇ) ಒಬ್ಬರೇ ಕಾಯಂ ಅಧ್ಯಕ್ಷರಾಗುವುದು. ಒಳ್ಳೆಯ ಮುಖಂಡರ ದೊಡ್ಡ ಕೆಲಸವೆಂದರೆ ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡುವುದು.

(ಈ) ಚುನಾವಣೆಯ ರಾಜಕೀಯವನ್ನು ಸಂಘದೊಳಗೆ ತರುವುದು. ಸದಸ್ಯರು ಯಾವ ಪಕ್ಷಕ್ಕೆ ಬೇಕಾದರೂ ಮತ ಹಾಕಲಿ, ನೀರಿನ ಪಾಳಿಗೆ ಪಕ್ಷವಿಲ್ಲ.

(ಉ) ತಪ್ಪು ಮಾಡಿದ ಪ್ರಬಲರನ್ನು ಬಿಟ್ಟು ಬಡವರಿಗೆ ಮಾತ್ರ ದಂಡ ಹಾಕುವುದು. ನಿಯಮ ಮೊದಲು ಅಧ್ಯಕ್ಷರ ಹೊಲಕ್ಕೆ ಅನ್ವಯಿಸಲಿ.

12. ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು

ಊರಿಗೆ ಹೋದ ಕೂಡಲೇ ಹೊಸ ಸಂಘ ಕಟ್ಟಲು ಹೊರಡಬೇಡಿ. ಈಗಾಗಲೇ ಇರುವ ಸಂಘಗಳು ಯಾವುವು, ಅವುಗಳಲ್ಲಿ ಯಾರಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಸಭೆಯನ್ನು ಗೌಡರ ಪಡಸಾಲೆಯಲ್ಲಿ ಕರೆದರೆ ಬರುವ ಜನವೇ ಬೇರೆ, ಶಾಲೆಯ ಅಂಗಳದಲ್ಲಿ ಕರೆದರೆ ಬರುವ ಜನವೇ ಬೇರೆ. ಕಾಲುವೆಯ ಮೇಲ್ಭಾಗದ ರೈತರನ್ನು ಕರೆದುಕೊಂಡು ಒಂದು ದಿನ ಕೊನೆಯ ಹೊಲದ ತನಕ ನಡೆದು ಹೋಗಿ. ಆ ಒಂದು ನಡಿಗೆ ಮಾಡುವ ಕೆಲಸವನ್ನು ಹತ್ತು ಭಾಷಣ ಮಾಡಲಾರವು. ತಾಂತ್ರಿಕ ಸಲಹೆಗೆ ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಸಂಘದ ಸಭೆಗೆ ಕರೆಸಬಹುದು. ನಿರ್ಧಾರವನ್ನು ಮಾತ್ರ ರೈತರಿಗೇ ಬಿಡಿ.

ಮುಕ್ತಾಯ

ಆಣೆಕಟ್ಟು ಕಟ್ಟುವುದು ಸರಕಾರದ ಕೆಲಸ. ತೂಬಿನಿಂದ ಕೊನೆಯ ಹೊಲದ ತನಕ ನೀರು ಮುಟ್ಟಿಸುವುದು ನೆರೆಹೊರೆಯವರ ಕೆಲಸ. ಕಾಯಿದೆ ಮಾಡುವುದು ಶಾಸನಸಭೆಯ ಕೆಲಸ. ಗ್ರಾಮಸಭೆಯ ಖುರ್ಚಿ ತುಂಬುವುದು ನಮ್ಮ ಕೆಲಸ. ಈ ಹಿಂಗಾರಿಯ ಮೊದಲ ಪಾಳಿ ಬರುವ ಮುನ್ನ ನಿಮ್ಮ ತೂಬಿನ ರೈತರೆಲ್ಲ ಒಮ್ಮೆ ಕೂಡಿ ಕೂತು, ಪಾಳಿಯ ಪಟ್ಟಿಯನ್ನು ಬರೆದು ಗೋಡೆಗೆ ಹಚ್ಚಿರಿ. ಊರಿನ ಏಳಿಗೆಯ ಉಳಿದ ಕೆಲಸಗಳು ಆ ಒಂದು ಹಾಳೆಯಿಂದ ಆರಂಭವಾಗಲಿ.

ಚರ್ಚಾ ಮಂಡಲದಲ್ಲಿ ವಿಚಾರಿಸಲು ಪ್ರಶ್ನೆಗಳು

1. ನಿಮ್ಮ ತೂಬಿನ ಕೆಳಗೆ ಎಷ್ಟು ಎಕರೆ ಇದೆ? ಒಂದು ಕ್ಯೂಸೆಕ್ ಹರಿದರೆ, ಎಕರೆಗೆ 3 ಅಂಗುಲದಂತೆ ಒಂದು ಸುತ್ತು ಮುಗಿಯಲು ಎಷ್ಟು ದಿವಸ ಬೇಕು?
2. ಕಳೆದ ಹಂಗಾಮಿನಲ್ಲಿ ನೀರು ಮುಟ್ಟದ ಹೊಲಗಳು ಯಾವುವು? ಆ ರೈತರು ಈ ಸಭೆಯಲ್ಲಿ ಇದ್ದಾರೆಯೇ?
3. ನಿಮ್ಮ ಊರಿನ ಕಳೆದ ಗ್ರಾಮಸಭೆಯ ನಡಾವಳಿಯನ್ನು ಯಾರಾದರೂ ಓದಿದ್ದೀರಾ?
4. ನಿಮ್ಮ ಸಂಘದಲ್ಲಿ ಎಷ್ಟು ಜನ ಹೆಣ್ಣುಮಕ್ಕಳು ಸದಸ್ಯರಿದ್ದಾರೆ? ಕಡಿಮೆ ಇದ್ದರೆ ಕಾರಣವೇನು?
5. ಬಸಿಗಾಲುವೆಗೆ ಜಾಗ ಬಿಡಲು ಒಪ್ಪದ ರೈತನಿಗೆ ನೀವು ಏನು ಹೇಳುವಿರಿ?